ಎರಡು ರೂಪಾಯಿಯ ಡಯೋಡ್: ಬೇಲಿ ಸತ್ತರೆ ಮೊದಲು ಇದನ್ನು ನೋಡಿ

ಬಾವಿಗೆ ಪಂಪ್ ಇಳಿಸಿದವರಿಗೆಲ್ಲ ಫುಟ್‌ವಾಲ್ವ್ ಗೊತ್ತು. ನೀರು ಮೇಲಕ್ಕೆ ಏರುವಾಗ ಬಾಯಿ ಬಿಡುತ್ತದೆ. ಮೋಟಾರ್ ನಿಂತ ಕೂಡಲೇ ಮುಚ್ಚಿಕೊಳ್ಳುತ್ತದೆ, ಪೈಪಿನ ನೀರು ಬಾವಿಗೆ ವಾಪಸ್ ಇಳಿಯಲು ಬಿಡುವುದಿಲ್ಲ. ಕರೆಂಟಿಗೂ ಇಂಥದ್ದೇ ಒಂದು ವಾಲ್ವ್ ಇದೆ. ಅದರ ಹೆಸರು ಡಯೋಡ್. ಜೋಳದ ಕಾಳಿಗಿಂತ ಸ್ವಲ್ಪ ಉದ್ದ, ಕಪ್ಪು ಮೈ, ಎರಡು ತುದಿಗೆ ಎರಡು ತಂತಿ, ಒಂದು ತುದಿಯಲ್ಲಿ ಬೆಳ್ಳಿ ಬಣ್ಣದ ಪಟ್ಟಿ. ಬೆಲೆ ಒಂದೆರಡು ರೂಪಾಯಿ.

ಒಣಬೇಸಾಯದ ನಮ್ಮಂಥವರ ಹೊಲಮನೆಯಲ್ಲೂ ಈಗ ಡಯೋಡ್ ಇಲ್ಲದ ಸಾಮಾನು ಕಡಿಮೆ. ಹಂದಿ ತಡೆಯಲು ಹಾಕಿದ ಸೋಲಾರ್ ಬೇಲಿ, ಬ್ಯಾಟರಿ ಸ್ಪ್ರೇಯರ್, ಅದರ ಚಾರ್ಜರ್, ಕೈ ಟಾರ್ಚು, ಮೊಬೈಲ್ ಚಾರ್ಜರ್, ಮೋಟಾರಿನ ಆಟೊ ಸ್ಟಾರ್ಟರ್ ಎಲ್ಲದರ ಹೊಟ್ಟೆಯಲ್ಲೂ ಇದು ಇದೆ. ಇವು ಕೆಟ್ಟಾಗ ನಾವು ಮಾಡುವುದು ಎರಡೇ ಕೆಲಸ. ಒಂದೋ ಮೂಲೆಗೆ ಎಸೆಯುತ್ತೇವೆ, ಇಲ್ಲವೇ ತಾಲ್ಲೂಕಿನ ಅಂಗಡಿಗೆ ಹೊತ್ತುಕೊಂಡು ಹೋಗುತ್ತೇವೆ. ಅಲ್ಲಿ ವಾರ ಕಾಯಿಸುತ್ತಾರೆ. ಶೇಂಗಾ ಕಾಯಿ ಬಲಿಯುವ ಹೊತ್ತಿನಲ್ಲಿ ಬೇಲಿ ಒಂದು ವಾರ ಸತ್ತು ಬಿದ್ದರೆ ಏನಾಗುತ್ತದೆ ಅನ್ನುವುದನ್ನು ನಾನು ಹೇಳಬೇಕಿಲ್ಲ. ಹಂದಿ ಹಿಂಡಿಗೆ ಒಂದೇ ರಾತ್ರಿ ಸಾಕು.

ಡಯೋಡಿನ ಗುಣ ಅರ್ಥ ಮಾಡಿಕೊಳ್ಳಲು ದೊಡ್ಡ ಓದು ಬೇಡ. ನಾನು ಓದಿದ್ದು ಏಳನೇ ಕ್ಲಾಸು. ನೆನಪಿಡಬೇಕಾದ ಮಾತು ಮೂರೇ: ಅದು ಒಂದೇ ಕಡೆಗೆ ಬಿಡುತ್ತದೆ, ಬಿಡುವುದಕ್ಕೆ ಸುಂಕ ತೆಗೆದುಕೊಳ್ಳುತ್ತದೆ, ತಡೆಯುವುದಕ್ಕೆ ಒಂದು ಮಿತಿ ಇದೆ.

ಮನೆಯಲ್ಲೇ ಮಾಡಿ ನೋಡಿ

ಒಂದು 12 ವೋಲ್ಟಿನ ಬ್ಯಾಟರಿ, ಬೈಕಿನ ಇಂಡಿಕೇಟರ್ ಬಲ್ಬು, ಒಂದು 1ಎನ್ 4007 ಡಯೋಡ್ ತೆಗೆದುಕೊಳ್ಳಿ. ಅಂಗಡಿಯಲ್ಲಿ ‘4007 ಕೊಡಿ’ ಅಂದರೆ ಸಾಕು. ಬ್ಯಾಟರಿ ಪ್ಲಸ್‌ನಿಂದ ಡಯೋಡ್, ಡಯೋಡಿನಿಂದ ಬಲ್ಬು, ಬಲ್ಬಿನಿಂದ ಮೈನಸ್, ಹೀಗೆ ಸಾಲಾಗಿ ಜೋಡಿಸಿ. ಡಯೋಡಿನ ಪಟ್ಟಿ ಬಲ್ಬಿನ ಕಡೆಗಿರಲಿ. ಬಲ್ಬು ಉರಿಯುತ್ತದೆ. ಈಗ ಡಯೋಡನ್ನು ತಿರುಗಿಸಿ ಹಾಕಿ, ಪಟ್ಟಿ ಬ್ಯಾಟರಿ ಪ್ಲಸ್ ಕಡೆಗೆ ಬರಲಿ. ಬಲ್ಬು ಉರಿಯುವುದಿಲ್ಲ. ಕರೆಂಟು ಪಟ್ಟಿ ಇಲ್ಲದ ಕಡೆಯಿಂದ ಒಳಗೆ ಹೋಗಿ ಪಟ್ಟಿ ಇರುವ ಕಡೆಯಿಂದ ಹೊರಗೆ ಬರುತ್ತದೆ. ಉಲ್ಟಾ ಬರುವುದಿಲ್ಲ. ಮೊದಲನೇ ಪಾಠ ಮುಗೀತು.

ಎರಡನೇ ಪಾಠಕ್ಕೆ ಬಲ್ಬು ಉರಿಯುತ್ತಿರುವಾಗಲೇ ಮಲ್ಟಿಮೀಟರ್ ಹಿಡಿಯಿರಿ. ಬ್ಯಾಟರಿಯ ಮೇಲೆ 12.6 ತೋರಿಸಿದರೆ ಬಲ್ಬಿನ ಮೇಲೆ 11.8ರ ಆಸುಪಾಸು ತೋರಿಸುತ್ತದೆ. ನಡುವೆ ಹೋದ ಮುಕ್ಕಾಲು ವೋಲ್ಟನ್ನು ಡಯೋಡ್ ತಿಂದಿದೆ. ಇದೇ ಸುಂಕ. ಸಿಲಿಕಾನಿನ ಮಾಮೂಲಿ ಡಯೋಡ್ ಸಣ್ಣ ಕರೆಂಟಿಗೆ 0.6-0.7 ವೋಲ್ಟ್ ತಿನ್ನುತ್ತದೆ. ಕರೆಂಟು ಅದರ ತಾಕತ್ತಿನ ಹತ್ತಿರ ಹೋದರೆ ಸುಂಕ 0.9ಕ್ಕೂ ಏರುತ್ತದೆ. ತಿಂದಿದ್ದು ಎಲ್ಲಿಗೆ ಹೋಯಿತು? ಡಯೋಡ್ ಮೇಲೆ ಬೆರಳಿಟ್ಟು ನೋಡಿ, ಚುರ್ ಅನ್ನುತ್ತದೆ. ಶಾಖವಾಗಿ ಹೋಯಿತು. ವೋಲ್ಟನ್ನು ಆಂಪಿನಿಂದ ಗುಣಿಸಿದರೆ ಎಷ್ಟು ವ್ಯಾಟ್ ಶಾಖ ಅಂತ ಸಿಗುತ್ತದೆ.

ಫುಟ್‌ವಾಲ್ವಿನ ಬಾಯಿ ತೆರೆಯಬೇಕಾದರೂ ನೀರು ಸ್ವಲ್ಪ ಒತ್ತಬೇಕು. ಇಲ್ಲೂ ಹಾಗೇ. 0.3 ವೋಲ್ಟ್ ಒತ್ತಿದರೆ ಸಿಲಿಕಾನ್ ಡಯೋಡ್ ಬಾಗಿಲು ತೆರೆಯುವುದಿಲ್ಲ. ಅರ್ಧ ವೋಲ್ಟ್ ದಾಟುವಾಗ ಬಿರುಕು ಬಿಡುತ್ತದೆ, 0.7ಕ್ಕೆ ಪೂರ್ತಿ ತೆರೆದುಕೊಳ್ಳುತ್ತದೆ.

ಮೂರನೇದು ಮಿತಿ. ಫುಟ್‌ವಾಲ್ವಿನ ಮೇಲೆ ನೀರಿನ ಭಾರ ಅತಿಯಾದರೆ ವಾಷರ್ ಹರಿಯುತ್ತದೆ. ಡಯೋಡೂ ಉಲ್ಟಾ ಒತ್ತಡವನ್ನು ಒಂದು ಮಟ್ಟದವರೆಗೆ ಮಾತ್ರ ತಡೆಯುತ್ತದೆ. 1ಎನ್ 4001 ತಡೆಯುವುದು 50 ವೋಲ್ಟ್. ಅದೇ ಸಾಲಿನ 4007 ತಡೆಯುವುದು 1000 ವೋಲ್ಟ್. ಎರಡೂ ಬಿಡುವುದು ಒಂದೇ ಆಂಪ್. ಇನ್ನೂ ದಪ್ಪದ 1ಎನ್ 5408 ಮೂರು ಆಂಪ್ ಬಿಡುತ್ತದೆ, 1000 ವೋಲ್ಟ್ ತಡೆಯುತ್ತದೆ. ಹಾಗಾಗಿ ಅಂಗಡಿಯಲ್ಲಿ ಡಯೋಡ್ ಕೇಳುವಾಗ ಎರಡು ಲೆಕ್ಕ ಬೇಕು: ಎಷ್ಟು ಆಂಪ್ ಹರಿಯುತ್ತದೆ, ಎಷ್ಟು ವೋಲ್ಟ್ ತಡೆಯಬೇಕು. ಎರಡರಲ್ಲೂ ಒಂದಕ್ಕೆರಡು ಹೆಚ್ಚಿಗೆ ಇರುವುದನ್ನೇ ತನ್ನಿ.

ಒಳಗೆ ಏನಿದೆ?

ಸಿಲಿಕಾನ್ ಅನ್ನುವುದು ಮರಳಿನಿಂದ ತೆಗೆಯುವ ವಸ್ತು. ಶುದ್ಧವಾಗಿದ್ದರೆ ಅದರಲ್ಲಿ ಕರೆಂಟು ಹೆಚ್ಚು ಹರಿಯುವುದಿಲ್ಲ. ಒಂದು ಪಕ್ಕಕ್ಕೆ ಚಿಟಿಕೆಯಷ್ಟು ರಂಜಕ ಬೆರೆಸುತ್ತಾರೆ, ಅಲ್ಲಿ ಓಡಾಡುವ ಎಲೆಕ್ಟ್ರಾನುಗಳು ಹೆಚ್ಚಾಗುತ್ತವೆ. ಇನ್ನೊಂದು ಪಕ್ಕಕ್ಕೆ ಬೋರಾನ್ ಬೆರೆಸುತ್ತಾರೆ, ಅಲ್ಲಿ ಎಲೆಕ್ಟ್ರಾನು ಕೂರುವ ಜಾಗಗಳು ಖಾಲಿ ಉಳಿಯುತ್ತವೆ. ಎರಡೂ ಕೂಡುವ ಗಡಿಯಲ್ಲಿ ತಾನಾಗಿಯೇ ಒಂದು ಒಡ್ಡು ಎದ್ದು ನಿಲ್ಲುತ್ತದೆ. ಸರಿಯಾದ ದಿಕ್ಕಿನಿಂದ ಒತ್ತಿದರೆ ಒಡ್ಡು ತಗ್ಗುತ್ತದೆ, ಉಲ್ಟಾ ಒತ್ತಿದರೆ ಇನ್ನೂ ಎತ್ತರ ಆಗುತ್ತದೆ. 0.7 ವೋಲ್ಟಿನ ಸುಂಕ ಈ ಒಡ್ಡು ದಾಟುವುದಕ್ಕೆ.

ಒಂದೇ ಕಡೆಗೆ ಹರಿಯುವ ಈ ಗುಣವನ್ನು 1874ರಲ್ಲೇ ಜರ್ಮನಿಯ ಫರ್ಡಿನಾಂಡ್ ಬ್ರೌನ್ ಖನಿಜದ ಹರಳುಗಳಲ್ಲಿ ಕಂಡಿದ್ದರು. ನಮ್ಮ ಜಗದೀಶಚಂದ್ರ ಬೋಸರು ಸೀಸದ ಅದಿರಿನ ಹರಳಿನಿಂದ ವೈರ್‌ಲೆಸ್ ಅಲೆಗಳನ್ನು ಹಿಡಿಯುವ ಸಾಧನ ಮಾಡಿ 1904ರಲ್ಲಿ ಅಮೆರಿಕದ ಪೇಟೆಂಟ್ ಪಡೆದರು. 1940ರಲ್ಲಿ ಅಮೆರಿಕದ ಬೆಲ್ ಲ್ಯಾಬ್‌ನ ರಸೆಲ್ ಓಲ್ ಅನ್ನುವವರು ಬಿರುಕು ಬಿಟ್ಟ ಒಂದು ಸಿಲಿಕಾನ್ ತುಂಡನ್ನು ಪರೀಕ್ಷೆ ಮಾಡುತ್ತಿದ್ದರು. ಅದರ ಮೇಲೆ ಬೆಳಕು ಬಿದ್ದಾಗ ವೋಲ್ಟೇಜ್ ಹುಟ್ಟಿತು. ಬಿರುಕಿನ ಎರಡು ಪಕ್ಕದಲ್ಲಿ ಬೇರೆ ಬೇರೆ ಬೆರಕೆ ಇದ್ದದ್ದೇ ಕಾರಣ. ಇಂದಿನ ಸೋಲಾರ್ ಪ್ಯಾನಲಿನ ಮೂಲ ಅದು. ಅಂದ್ರೆ ಪ್ಯಾನಲಿನ ಒಂದೊಂದು ಬಿಲ್ಲೆಯೂ ಅಗಲವಾದ ಒಂದು ಡಯೋಡೇ. ಎಲ್‌ಇಡಿ ದೀಪವೂ ಡಯೋಡೇ. ಅದರ ಸುಂಕ ಹೆಚ್ಚು, ಬಿಳಿ ಎಲ್‌ಇಡಿಗೆ 3 ವೋಲ್ಟ್ ಬೇಕು, ಆದರೆ ಸುಂಕದ ಒಂದು ಪಾಲನ್ನು ಬೆಳಕಾಗಿ ವಾಪಸ್ ಕೊಡುತ್ತದೆ.

ಪ್ಯಾನಲ್ ಸತ್ತಿಲ್ಲ, ಡಯೋಡ್ ಸತ್ತಿದೆ

ಮೊನ್ನೆ ಮುಂಗಾರಿನ ಮೊದಲ ಗುಡುಗು ಮಳೆಯ ಮಾರನೇ ದಿನ ನಮ್ಮ ಪಕ್ಕದ ಹೊಲದ ಸೋಲಾರ್ ಬೇಲಿ ನಿಂತಿತು. ಹತ್ತಿರದಲ್ಲೆಲ್ಲೋ ಸಿಡಿಲು ಬಡಿದಿತ್ತು. ನೋಡಲು ಬಂದ ಹುಡುಗ, “ಯಜಮಾನ್ರೇ, ಪ್ಯಾನಲ್ ಹೋಗಿದೆ, ಹೊಸದೇ ಹಾಕಿಸ್ಬೇಕು” ಅಂತ ಹೇಳಿ ಹೋದ. ಹೊಲದವರು ನನ್ನನ್ನು ಕರೆದು, “ನೋಡಣ್ಣ, ಬಿತ್ತನೆ ಖರ್ಚಿನ ಜೊತೆ ಇದೂ ಬಂತು” ಅಂದರು.

ಪ್ಯಾನಲಿನ ತಂತಿ ಬಿಚ್ಚಿ, ಹನ್ನೊಂದು ಗಂಟೆ ಬಿಸಿಲಲ್ಲಿ ಅದರ ಎರಡು ತುದಿಗೆ ಮೀಟರ್ ಹಿಡಿದೆವು. 10.4 ವೋಲ್ಟ್ ತೋರಿಸಿತು. ಈ ಅಂಕೆಯೇ ಕಾಯಿಲೆ ಹೇಳಿತು. 12 ವೋಲ್ಟಿನ ಪ್ಯಾನಲಿನಲ್ಲಿ 36 ಬಿಲ್ಲೆ ಸಾಲಾಗಿ ಇರುತ್ತವೆ. ಒಂದೊಂದು ಬಿಲ್ಲೆ ಅರ್ಧ ವೋಲ್ಟಿಗಿಂತ ಸ್ವಲ್ಪ ಹೆಚ್ಚು ಕೊಡುತ್ತದೆ. ಒಟ್ಟು 20-21 ವೋಲ್ಟ್ ಬರಬೇಕು. ಸರಿಯಾಗಿ ಅರ್ಧ ಬಂದಿದೆ ಅಂದರೆ 18 ಬಿಲ್ಲೆ ಲೆಕ್ಕಕ್ಕೆ ಬರುತ್ತಿಲ್ಲ. 18 ಬಿಲ್ಲೆ ಒಟ್ಟಿಗೆ ಸಾಯುವುದು ಅಪರೂಪ. ಆ 18 ಬಿಲ್ಲೆಗೆ ಅಡ್ಡ ಕಟ್ಟಿದ ಡಯೋಡ್ ಸತ್ತಿರುವುದೇ ಹೆಚ್ಚು.

ಅಡ್ಡ ಡಯೋಡ್ ಯಾಕೆ ಇಡುತ್ತಾರೆ? ಪ್ಯಾನಲಿನ ಮೇಲೆ ಒಂದು ಎಲೆ ಕೂತಿತು, ಕಾಗೆ ಹಿಕ್ಕೆ ಬಿತ್ತು, ಜಾಲಿ ಟೊಂಗೆಯ ನೆರಳು ಬಂತು ಅನ್ನಿ. ನೆರಳಿನ ಬಿಲ್ಲೆ ಕರೆಂಟು ಹುಟ್ಟಿಸುವುದಿಲ್ಲ, ಬೇರೆ ಬಿಲ್ಲೆಯ ಕರೆಂಟಿಗೂ ದಾರಿ ಬಿಡುವುದಿಲ್ಲ. ಎಲ್ಲರೂ ಸೇರಿ ಅದನ್ನು ಒತ್ತಿ, ಅದು ಕಾದು ಸುಟ್ಟು ಕಂದು ಬಣ್ಣ ಆಗುತ್ತದೆ. ಅಡ್ಡ ಡಯೋಡ್ ಇದ್ದರೆ ಕರೆಂಟು ಆ ಸಾಲನ್ನು ಬಿಟ್ಟು ಪಕ್ಕದ ದಾರಿಯಲ್ಲಿ ಹೋಗುತ್ತದೆ. ಹಳ್ಳ ತುಂಬಿದಾಗ ಒಡ್ಡು ಒಡೆಯದಂತೆ ಕೋಡಿ ಬಿಟ್ಟ ಹಾಗೆ. ಮಾಮೂಲಿ ಹೊತ್ತಿನಲ್ಲಿ ಈ ಡಯೋಡ್ ಸುಮ್ಮನೆ ಮುಚ್ಚಿಕೊಂಡು ಕೂತಿರುತ್ತದೆ.

ಸಿಡಿಲಿನ ಪೆಟ್ಟಿಗೆ ಡಯೋಡ್ ಒಳಗೇ ಕರಗಿ ಬೆಸೆದುಕೊಂಡರೆ ಎರಡೂ ಕಡೆಗೆ ಕರೆಂಟು ಬಿಡಲು ಶುರುಮಾಡುತ್ತದೆ. ಆಗ ಅದರ ಪಾಲಿನ 18 ಬಿಲ್ಲೆಯ ಪ್ಲಸ್ಸು ಮೈನಸ್ಸು ಒಂದೇ ಆದವು. ಉಳಿದದ್ದು 10 ವೋಲ್ಟ್. ಬ್ಯಾಟರಿಯಲ್ಲೇ 12 ಇರುವಾಗ 10 ವೋಲ್ಟ್ ಅದಕ್ಕೆ ಏನು ತುಂಬೀತು? ತಗ್ಗಿನಿಂದ ದಿಬ್ಬಕ್ಕೆ ನೀರು ಹರಿದೀತೇ? ಬೇಲಿ ಹಳೇ ಚಾರ್ಜಿನಲ್ಲಿ ಒಂದು ರಾತ್ರಿ ನಡೆದು ನಿಲ್ಲುತ್ತದೆ.

ಪ್ಯಾನಲ್ ಮೇಲೆ ಗೋಣಿಚೀಲ ಹೊದಿಸಿ ಬೆನ್ನಿನ ಡಬ್ಬಿ ಬಿಚ್ಚಿದೆವು. ಎರಡು ಡಯೋಡ್ ಇದ್ದವು. ಒಂದೊಂದರ ಒಂದು ಕಾಲು ಬಿಡಿಸಿ ಮೀಟರ್ ಹಿಡಿದರೆ, ಒಂದು ಸರಿ ಇತ್ತು, ಇನ್ನೊಂದು ಎರಡೂ ದಿಕ್ಕಿನಲ್ಲಿ ಸೊನ್ನೆ ತೋರಿಸಿತು. ಅದರ ಜಾಗಕ್ಕೆ ಅಷ್ಟೇ ತಾಕತ್ತಿನ ಹೊಸದನ್ನು, ಪಟ್ಟಿ ಆ ಸಾಲಿನ ಪ್ಲಸ್ ಕಡೆಗೆ ಬರುವಂತೆ ಬೆಸುಗೆ ಹಾಕಿ ಡಬ್ಬಿ ಮುಚ್ಚಿದೆವು. ಗೋಣಿ ತೆಗೆದರೆ ಮೀಟರ್ 20.6 ತೋರಿಸಿತು. ಅವತ್ತು ಸಂಜೆ ಬೇಲಿ ಟಕ್ ಟಕ್ ಅನ್ನಲು ಶುರುವಾಯಿತು.

ಎಲ್ಲ ಪ್ಯಾನಲ್ಲೂ ಹೀಗೆ ಬಿಚ್ಚಲು ಬರುವುದಿಲ್ಲ. ಕೆಲವು ಡಬ್ಬಿಗೆ ಗೋಂದು ತುಂಬಿರುತ್ತಾರೆ. ವಾರಂಟಿ ಇರುವುದನ್ನು ಬಿಚ್ಚಬೇಡಿ, ವಾರಂಟಿ ಹೋಗುತ್ತದೆ. ಪಂಪ್‌ಸೆಟ್ಟಿನ ದೊಡ್ಡ ಸೋಲಾರ್ ಪ್ಯಾನಲ್ ಸಾಲಿನ ಹತ್ತಿರಂತೂ ಕೈ ಹಾಕಲೇಬೇಡಿ. ಅಲ್ಲಿ ನೂರಾರು ವೋಲ್ಟ್ ಡಿಸಿ ಇರುತ್ತದೆ, ಬಿಸಿಲಿರುವಷ್ಟು ಹೊತ್ತೂ ಜೀವಂತ. ಅಲ್ಲಿ ನಾವು ಮಾಡಬೇಕಾದ್ದು ಪ್ಯಾನಲ್ ಒರೆಸುವುದು, ನೆರಳು ಬೀಳುವ ಟೊಂಗೆ ಕಡಿಯುವುದು, ಅಷ್ಟೇ.

ರಾತ್ರಿ ಕಾವಲಿನ ಡಯೋಡ್

ಪ್ಯಾನಲ್ ಪ್ಲಸ್‌ಗೂ ಬ್ಯಾಟರಿ ಪ್ಲಸ್‌ಗೂ ನಡುವೆ ಇನ್ನೊಂದು ಡಯೋಡ್ ಇರುತ್ತದೆ. ಹಗಲು ಪ್ಯಾನಲಿನಿಂದ ಬ್ಯಾಟರಿಗೆ ಕರೆಂಟು ಬಿಡುವುದು, ರಾತ್ರಿ ಬ್ಯಾಟರಿಯಿಂದ ಪ್ಯಾನಲಿಗೆ ವಾಪಸ್ ಹೋಗದಂತೆ ತಡೆಯುವುದು ಇದರ ಕೆಲಸ. ಪಟ್ಟಿ ಬ್ಯಾಟರಿ ಕಡೆಗಿರಬೇಕು. ಸುಮಾರು ಚಾರ್ಜ್ ಕಂಟ್ರೋಲರುಗಳು ಈ ಕೆಲಸವನ್ನು ತಾವೇ ಮಾಡುತ್ತವೆ. ಅಂಥ ಕಡೆ ಬೇರೆ ಡಯೋಡ್ ಬೇಕಿಲ್ಲ.

ಪ್ಯಾನಲ್ ಚೆನ್ನಾಗಿದ್ದರೆ ರಾತ್ರಿ ಸೋರುವುದು ಕಡಿಮೆಯೇ. ಆದರೆ ಅಡ್ಡ ಡಯೋಡ್ ಸತ್ತಾಗ ಅಥವಾ ಬಿಲ್ಲೆ ಕೆಟ್ಟಾಗ ಸೋರಿಕೆ ಜಾಸ್ತಿಯಾಗುತ್ತದೆ. ಮೋಡ ಕವಿದ ನಾಲ್ಕು ದಿನ ಬಂದರೆ ಬ್ಯಾಟರಿ ಇಳಿಯುತ್ತದೆ. ಸೀಸದ ಬ್ಯಾಟರಿ ಪೂರ್ತಿ ಇಳಿದ ಸ್ಥಿತಿಯಲ್ಲಿ ದಿನಗಟ್ಟಲೆ ಉಳಿದರೆ ಮತ್ತೆ ಮೊದಲಿನ ಹಾಗೆ ಚಾರ್ಜ್ ಹಿಡಿಯುವುದಿಲ್ಲ. ಎರಡು ರೂಪಾಯಿ ವಸ್ತು ಕಾಯುವುದು ಸಾವಿರದ ಬ್ಯಾಟರಿಯನ್ನು.

ಈ ಡಯೋಡ್ ಕಡಿದುಹೋದರೆ ಲಕ್ಷಣ ಬೇರೆ. ಡಯೋಡಿಗೆ ಮುಂಚೆ, ಪ್ಯಾನಲ್ ಕಡೆ ಅಳೆದರೆ 20 ವೋಲ್ಟ್ ಇರುತ್ತದೆ. ಡಯೋಡ್ ದಾಟಿದ ಮೇಲೆ, ಬ್ಯಾಟರಿ ಬಿಚ್ಚಿ ಅಳೆದರೆ ಏನೂ ಇರುವುದಿಲ್ಲ. ಅಲ್ಲಿಗೆ ಕಳ್ಳ ಸಿಕ್ಕಿದ.

ಸುಂಕ ಎಲ್ಲಿ ಕೊಡಬೇಕು, ಎಲ್ಲಿ ಉಳಿಸಬೇಕು

12 ವೋಲ್ಟಿನ ಪ್ಯಾನಲ್ ಕೆಲಸ ಮಾಡುವಾಗ 17-18 ವೋಲ್ಟ್ ಕೊಡಬಲ್ಲದು. ಬ್ಯಾಟರಿ ತುಂಬಲು 14.4 ಸಾಕು. ಹಾಗಾಗಿ ನಡುವೆ 0.7 ಹೋದರೂ ನಷ್ಟ ಗೊತ್ತಾಗುವುದಿಲ್ಲ. ಆದರೆ ಬ್ಯಾಟರಿಯಿಂದ ಸ್ಪ್ರೇಯರ್ ಮೋಟಾರಿಗೆ ಹೋಗುವ ದಾರಿಯಲ್ಲಿ 0.7 ಅಂದರೆ ಹದಿನೇಳರಲ್ಲಿ ಒಂದು ಪಾಲು. ಮೂರು ಆಂಪ್ ಹರಿದರೆ ಎರಡು ವ್ಯಾಟಿಗೂ ಹೆಚ್ಚು ಶಾಖ. ಟಾರ್ಚಿನ 3.7 ವೋಲ್ಟಿನ ಲಿಥಿಯಂ ಸೆಲ್ಲಿಗೆ ಅದೇ 0.7 ಅಂದರೆ ಐದರಲ್ಲಿ ಒಂದು ಪಾಲು. ಅಲ್ಲಿ ಕೊಡಲಾಗದು.

ಇದಕ್ಕೆ ಷಾಟ್ಕಿ ಅನ್ನುವ ಡಯೋಡ್ ಇದೆ. ಅದು ಕಡಿಮೆ ಕರೆಂಟಿಗೆ 0.3, ಹೆಚ್ಚು ಕರೆಂಟಿಗೆ ಅರ್ಧ ವೋಲ್ಟಿನಷ್ಟು ಮಾತ್ರ ತಿನ್ನುತ್ತದೆ. 1ಎನ್ 5822 ಅಂತ ಕೇಳಿ, ಮೂರು ಆಂಪ್ ಬಿಡುತ್ತದೆ. ಆದರೆ ತಡೆಯುವುದು 40 ವೋಲ್ಟ್ ಮಾತ್ರ. 12 ವೋಲ್ಟಿನ ಸಾಮಾನಿಗೆ ಸರಿ, ಮೇನ್ಸ್ ಕರೆಂಟಿಗೆ ಆಗದು.

ಸ್ಪ್ರೇಯರ್ ಬ್ಯಾಟರಿ ಬದಲಾಯಿಸುವಾಗ ಕೆಂಪು ಕಪ್ಪು ಅದಲು ಬದಲಾಗುವುದು ಎಲ್ಲ ಊರಲ್ಲೂ ನಡೆಯುವ ಸಂಗತಿ. ಒಳಗಿನ ಬೋರ್ಡ್ ಒಂದೇ ಕ್ಷಣದಲ್ಲಿ ಹೋಗುತ್ತದೆ. ದಾರಿಯಲ್ಲೇ ಡಯೋಡ್ ಹಾಕಿದರೆ ಸುಂಕ ದಿನಾ ಕೊಡಬೇಕು. ಇನ್ನೊಂದು ಉಪಾಯ ಇದೆ. ಪ್ಲಸ್ ತಂತಿಗೆ ಮೊದಲು ಫ್ಯೂಸ್ ಹಾಕಿ. ಫ್ಯೂಸ್ ಆದ ಮೇಲೆ ಪ್ಲಸ್‌ಗೂ ಮೈನಸ್‌ಗೂ ಅಡ್ಡಲಾಗಿ, ಪಟ್ಟಿ ಪ್ಲಸ್ ಕಡೆಗೆ ಇರುವಂತೆ ಒಂದು ಆರು ಆಂಪಿನ ಡಯೋಡ್ ಹಾಕಿ. ಸರಿಯಾಗಿ ಜೋಡಿಸಿದಾಗ ಡಯೋಡ್ ಮುಚ್ಚಿಕೊಂಡಿರುತ್ತದೆ, ಸುಂಕ ಇಲ್ಲ. ಉಲ್ಟಾ ಜೋಡಿಸಿದರೆ ಡಯೋಡ್ ತೆರೆದು ಫ್ಯೂಸ್ ಸುಡುತ್ತದೆ, ಬೋರ್ಡ್ ಉಳಿಯುತ್ತದೆ. ಹೋದದ್ದು ಒಂದು ಫ್ಯೂಸ್.

ಆಟೊ ಸ್ಟಾರ್ಟರಿನ ಡಿಸಿ ರಿಲೇ ಸುರುಳಿಗೂ ಹೀಗೆಯೇ ಅಡ್ಡ ಡಯೋಡ್ ಇರುತ್ತದೆ. ಸುರುಳಿಯ ಕರೆಂಟು ತಟ್ಟನೆ ನಿಂತರೆ ಅದು ಎಗರಿ ನೂರಾರು ವೋಲ್ಟಿನ ಒದೆತ ಕೊಡುತ್ತದೆ. ಓಡುವ ಎತ್ತು ಒಮ್ಮೆಗೇ ನಿಂತರೆ ಗಾಡಿ ಬಂದು ಗುದ್ದುವ ಹಾಗೆ. ಆ ಒದೆತವನ್ನು ಡಯೋಡ್ ಸುರುಳಿಯೊಳಗೇ ಸುತ್ತಿಸಿ ಆರಿಸುತ್ತದೆ. ಅದು ಕಡಿದುಹೋದರೆ ಪಕ್ಕದ ಟ್ರಾನ್ಸಿಸ್ಟರ್ ಪದೇ ಪದೇ ಸಾಯುತ್ತದೆ. ಟ್ರಾನ್ಸಿಸ್ಟರ್ ಬದಲಿಸಿ ಬದಲಿಸಿ ಸಾಕಾದವರು ಈ ಡಯೋಡ್ ನೋಡಲಿ.

ಸೂತ್ರ ಒಂದೇ: ಅಡ್ಡ ಕಟ್ಟಿದ ಕಾವಲು ಡಯೋಡಿನ ಪಟ್ಟಿ ಯಾವಾಗಲೂ ಪ್ಲಸ್ ಕಡೆಗೆ.

ನಾಲ್ಕು ಡಯೋಡಿನ ಸೇತುವೆ

ಮನೆಗೆ ಬರುವ 230 ವೋಲ್ಟ್ ಎಸಿ ಕರೆಂಟು ಸೆಕೆಂಡಿಗೆ 50 ಸಲ ಹೋಗಿ ಬರುತ್ತದೆ. ಬ್ಯಾಟರಿಗೆ ಬೇಕಾದ್ದು ಒಂದೇ ದಿಕ್ಕಿನ ಕರೆಂಟು. ಒಂದು ಡಯೋಡ್ ಹಾಕಿದರೆ ಹೋಗುವ ಅರ್ಧ ಸಿಗುತ್ತದೆ, ಬರುವ ಅರ್ಧ ವ್ಯರ್ಥ. ನಾಲ್ಕನ್ನು ಚೌಕವಾಗಿ ಕಟ್ಟಿದರೆ ಎರಡೂ ಅರ್ಧ ಒಂದೇ ದಿಕ್ಕಿಗೆ ಬರುತ್ತವೆ. ಯಾವ ಹೊತ್ತಿನಲ್ಲೂ ಎರಡು ಡಯೋಡ್ ಕೆಲಸ ಮಾಡುವುದರಿಂದ ಸುಂಕ ಎರಡು ಪಟ್ಟು, 1.4 ವೋಲ್ಟ್. ಚಾರ್ಜರುಗಳಲ್ಲಿ ಇರುವುದು ಇದೇ. ಇವುಗಳಲ್ಲಿ ಒಂದು ಬೆಸೆದುಕೊಂಡರೂ ಪ್ಲಗ್ ಹಾಕಿದ ಕೂಡಲೇ ಫ್ಯೂಸ್ ಹೋಗುತ್ತದೆ.

230 ಅನ್ನುವುದು ಒಂದು ಬಗೆಯ ಸರಾಸರಿ. ಅಲೆಯ ತುದಿ 325 ವೋಲ್ಟ್ ಮುಟ್ಟುತ್ತದೆ. ಅದಕ್ಕೇ ಮೇನ್ಸ್‌ಗೆ 1000 ವೋಲ್ಟ್ ತಡೆಯುವ 4007 ಹಾಕುವುದು.

ಇಲ್ಲೊಂದು ಎಚ್ಚರಿಕೆಯ ಮಾತು. ‘ಮೇನ್ಸ್‌ಗೆ ಒಂದು ಡಯೋಡ್ ಹಾಕಿದರೆ ಕರೆಂಟು ಅರ್ಧ ಆಗ್ತದೆ, ಬೇಲಿಗೆ ಕೊಡಬಹುದು, ಪ್ರಾಣಿ ಸಾಯಲ್ಲ’ ಅನ್ನುವ ಮಾತು ಕಟ್ಟೆ ಮೇಲೆ ಕೇಳಿಬರುತ್ತದೆ. ಇದು ಶುದ್ಧ ಸುಳ್ಳು. ಅರ್ಧ ಅಲೆ ಹೋದರೂ ಉಳಿದ ಅರ್ಧದ ತುದಿ ಅದೇ 325 ವೋಲ್ಟ್. ಮುಟ್ಟಿದವರು ಸಾಯುತ್ತಾರೆ. ಅದು ಹಂದಿಯೇ ಆಗಬೇಕಿಲ್ಲ, ಬೆಳಿಗ್ಗೆ ಹುಲ್ಲಿಗೆ ಹೋದ ನಮ್ಮ ಮನೆಯವರೇ ಆಗಬಹುದು. ಕಾನೂನಿನಲ್ಲೂ ಅಪರಾಧ. ಸರಿಯಾದ ಬೇಲಿ ಯಂತ್ರ ಕಣ್ಣು ಮಿಟುಕಿಸುವುದಕ್ಕಿಂತ ಬಹಳ ಕಡಿಮೆ ಹೊತ್ತು ಪೆಟ್ಟು ಕೊಟ್ಟು, ಸೆಕೆಂಡಿನಷ್ಟು ಬಿಡುವು ಕೊಡುತ್ತದೆ. ಮುಟ್ಟಿದ್ದು ಬಿಡಿಸಿಕೊಂಡು ಓಡಲು ಆ ಬಿಡುವೇ ದಾರಿ. ಆ ಯಂತ್ರದ ಡಬ್ಬಿಯನ್ನೂ ಚಾರ್ಜರನ್ನೂ ತಿಳಿಯದವರು ಬಿಚ್ಚಬಾರದು. ಸ್ವಿಚ್ ಆರಿಸಿದ ಮೇಲೂ ಒಳಗಿನ ಕೆಪಾಸಿಟರಿನಲ್ಲಿ ನೂರಾರು ವೋಲ್ಟ್ ಉಳಿದಿರುತ್ತದೆ.

ಪರೀಕ್ಷೆ ಮಾಡುವುದು ಹೀಗೆ

ಡಿಜಿಟಲ್ ಮಲ್ಟಿಮೀಟರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಅದರಲ್ಲಿ ಬಾಣದ ಮುಂದೆ ಗೆರೆ ಎಳೆದ ಗುರುತಿಗೆ ತಿರುಗಿಸಿ. ಬಾಣದ ದಿಕ್ಕೇ ಕರೆಂಟಿನ ದಿಕ್ಕು, ಗೆರೆಯೇ ಪಟ್ಟಿ. ಡಯೋಡಿನ ಒಂದು ಕಾಲನ್ನಾದರೂ ಬಿಡಿಸಿ, ಕೆಂಪು ಕಡ್ಡಿ ಪಟ್ಟಿ ಇಲ್ಲದ ಕಡೆ, ಕಪ್ಪು ಕಡ್ಡಿ ಪಟ್ಟಿ ಕಡೆ ಹಿಡಿಯಿರಿ.

ಮಾಮೂಲಿ ಡಯೋಡ್ 500ರಿಂದ 700 ತೋರಿಸುತ್ತದೆ, ಅಂದರೆ 0.5-0.7 ವೋಲ್ಟ್. ಷಾಟ್ಕಿಯಾದರೆ 150ರಿಂದ 300. ಕಡ್ಡಿ ಅದಲು ಬದಲು ಮಾಡಿದರೆ ‘1’ ಅಥವಾ ‘ಓಎಲ್’ ಅಂತ ಬರಬೇಕು, ಅಂದರೆ ದಾರಿ ಬಂದ್. ಹೀಗಿದ್ದರೆ ಡಯೋಡ್ ಸರಿ ಇದೆ. ಎರಡೂ ಕಡೆ ಸೊನ್ನೆ ಬಂದರೆ ಬೆಸೆದುಕೊಂಡಿದೆ. ಎರಡೂ ಕಡೆ ಬಂದ್ ತೋರಿಸಿದರೆ ಒಳಗೆ ಕಡಿದಿದೆ. ಎರಡಕ್ಕೂ ಔಷಧಿ ಒಂದೇ, ಬದಲಾಯಿಸುವುದು.

ಮಳೆಗಾಲಕ್ಕೆ ಮುಂಚೆ ಒಂದು ಡಬ್ಬಿಯಲ್ಲಿ ಇಷ್ಟು ಇಟ್ಟುಕೊಳ್ಳಿ: 4007 ಹತ್ತು, 5408 ನಾಲ್ಕು, 5822 ನಾಲ್ಕು, ಆರು ಆಂಪಿನದು ಎರಡು, ಒಂದಷ್ಟು ಫ್ಯೂಸ್, ಒಂದು ಬೆಸುಗೆ ಕಡ್ಡಿ. ಜಿಲ್ಲಾ ಕೇಂದ್ರದ ರೇಡಿಯೊ-ಟಿವಿ ಬಿಡಿಭಾಗದ ಅಂಗಡಿಯಲ್ಲಿ ಸಿಗುತ್ತವೆ. ಬೆಂಗಳೂರಿಗೆ ಹೋಗುವವರಿದ್ದರೆ ಎಸ್.ಪಿ. ರೋಡಿನಲ್ಲಿ ಕೇಳಿ. ಬೇಲಿ ಸರಿ ಇರುವಾಗಲೇ ನಿಮ್ಮ ಪ್ಯಾನಲ್ ಬಿಸಿಲಿನಲ್ಲಿ ಎಷ್ಟು ವೋಲ್ಟ್ ಕೊಡುತ್ತದೆ, ಬ್ಯಾಟರಿ ಬೆಳಿಗ್ಗೆ ಎಷ್ಟು ತೋರಿಸುತ್ತದೆ ಅಂತ ಅಳೆದು ಡಬ್ಬಿಯ ಮೇಲೆ ಬರೆದಿಡಿ. ಕೆಟ್ಟ ದಿನ ಹೋಲಿಸಿ ನೋಡಲು ಅದಕ್ಕಿಂತ ದೊಡ್ಡ ಪುಸ್ತಕ ಬೇಕಿಲ್ಲ.